ದೊಡ್ಡ ಜೆ, ಸಣ್ಣ ಜೆ

ಗಜೇಂದ್ರಗಡದ ಗುಡ್ಡದ ಹಿಂದಿನ ಕಲ್ಲು ಕ್ವಾರಿಯಲ್ಲಿ ಮುಜಫ್ಫರ ಗುಮಾಸ್ತನಾಗಿದ್ದ. ಕಂಪ್ಯೂಟರ್ ಕಲಿತದ್ದು ರೋಣದ ಝೆರಾಕ್ಸ್ ಅಂಗಡಿಯೊಂದರಲ್ಲಿ, ತಾನೇ ತಪ್ಪಿ ತಾನೇ ತಿದ್ದಿಕೊಂಡು. ಗಾಳಿ ತಿರುಗಿದರೆ ಕ್ವಾರಿಯ ಸೈರನ್ ರಾಜೂರ ಕಡೆಯ ಹೊಲಗಳಿಗೆ ಕೇಳುತ್ತಿರಲಿಲ್ಲ. ಅದಕ್ಕೆಂದೇ ಅವನೊಂದು ಪ್ರೋಗ್ರಾಂ ಬರೆದ. ಮದ್ದು ಸಿಡಿಸುವ ಅರ್ಧ ಗಂಟೆ ಮೊದಲು ಸುತ್ತಲಿನ ಇನ್ನೂರ ಹದಿನಾಲ್ಕು ಮೊಬೈಲುಗಳು ರಿಂಗಾಗಿ, ಅವನದೇ ದನಿಯಲ್ಲಿ ಹೇಳುತ್ತಿದ್ದವು: "ಗುಡ್ಡ ಬಿಟ್ಟು ದೂರ ಸರೀರಿ, ಕಲ್ಲು ಹಾರ್ತಾವ್ರಿ." ಮೂರು ವರ್ಷ ಯಾರಿಗೂ ಗಾಯವಾಗಲಿಲ್ಲ. ಆ ನೆಚ್ಚಿಗೆಯಲ್ಲಿ, ನಡುವೆ ಕೆಟ್ಟುಹೋದ ಸೈರನ್ನನ್ನು ಯಾರೂ ರಿಪೇರಿ ಮಾಡಿಸಲಿಲ್ಲ.

ಮಾಲಕ ಹೊಸ ಕಂಪ್ಯೂಟರ್ ತಂದ. ಮುಜಫ್ಫರ ಎಲ್ಲವನ್ನೂ ಅದಕ್ಕೆ ಸಾಗಿಸಿ ಮರುದಿನ ಹನ್ನೊಂದಕ್ಕೆ ಕರೆ ಹೋಗುವ ಗುಂಡಿ ಒತ್ತಿದ. 'ಕೆಲಸ ಮುಗಿಯಿತು' ಎಂದಿತು ಪರದೆ. ಹನ್ನೊಂದೂವರೆಗೆ ಬಂಡೆಗೆ ಕೊರೆದ ಕುಳಿಗಳ ಮೊದಲ ಸಾಲಿನ ಮದ್ದು ಸಿಡಿಯಿತು.

ಕೆಳಗೆ ಸುಗರಾ ಆಡು ಮೇಯಿಸುತ್ತಿದ್ದಳು. ಹಾರಿಬಂದ ಕಲ್ಲು ಅವಳ ಬಲ ಮೊಣಕಾಲನ್ನು ಜಜ್ಜಿಹಾಕಿತು. ಪಕ್ಕದಲ್ಲೇ ಎರಡು ಆಡು ಹೊಟ್ಟೆ ಸೀಳಿ ಬಿದ್ದವು. ಅವಳ ಗಂಡ ಟಿಪ್ಪುಸಾಬ ಅದೇ ಕ್ವಾರಿಯಲ್ಲಿ ಕಲ್ಲು ಒಡೆಯುವವನು. ಜನ ಅವಳನ್ನು ಟೆಂಪೋಗೆ ಎತ್ತುತ್ತಿದ್ದಾಗ ಅವನು ಸುತ್ತಿಗೆ ಹಿಡಿದು ಆಫೀಸಿಗೆ ನುಗ್ಗಿದ.

"ಫೋನ್ ಯಾಕ ಬರಲಿಲ್ಲಲೇ?"

"ಹೋಗೇತ್ರಿ ಚಾಚಾ, ಇಲ್ಲಿ ನೋಡ್ರಿ, ಮುಗೀತು ಅಂತ..."

"ಆಕಿ ಸೊಂಟದಾಗ ಫೋನ್ ಐತಿ. ಬರಲಿಲ್ಲ!"

ಮೇಜಿನ ಮೇಲಿದ್ದ ಮುಜಫ್ಫರನ ಬಲಗೈ ಮೇಲೆ ಸುತ್ತಿಗೆ ಬಿತ್ತು. ಮತ್ತೊಮ್ಮೆ ಬಿತ್ತು. ಎಲುಬು ಮುರಿದ ಸದ್ದು ಹೊರಗಿದ್ದವರಿಗೂ ಕೇಳಿತು. ಮೂರನೆಯ ಸಲ ಎತ್ತುವಷ್ಟರಲ್ಲಿ ಜನ ಟಿಪ್ಪುಸಾಬನನ್ನು ಎಳೆದೊಯ್ದು ಟೆಂಪೋ ಹತ್ತಿಸಿದರು.

ಎರಡನೆಯ ಸಾಲಿಗೂ ಮದ್ದು ತುಂಬಿ ಆಗಿತ್ತು. ಸಿಡಿಸದೆ ಹಾಗೇ ಬಿಟ್ಟರೆ ಇನ್ನೂ ಅಪಾಯ. ಚೀರಾಟ ಕೇಳಿದ ಜನ ಹೊಲಗಳಿಂದ ಗುಡ್ಡದ ಕಡೆಗೇ ಓಡಿ ಬರುತ್ತಿದ್ದರು. ಮುಜಫ್ಫರ ಮುರಿದ ಕೈಗೆ ಟವೆಲ್ ಸುತ್ತಿ, ಎಡಗೈಯಿಂದ ಹುಡುಕತೊಡಗಿದ. ಕಂಪ್ಯೂಟರಿನಲ್ಲಿ ನಂಬರುಗಳನ್ನಿಟ್ಟ ಪಟ್ಟಿಗೆ, ಅಂದರೆ ಟೇಬಲ್ಲಿಗೆ, ಅವನು ಇಂಗ್ಲಿಷಿನಲ್ಲಿ, ದೊಡ್ಡ ಜೆ ಹಾಕಿ, 'ಜನ' ಎಂದು ಹೆಸರಿಟ್ಟಿದ್ದ. ಪ್ರೋಗ್ರಾಮಿನೊಳಗೆ ಮಾತ್ರ ಸಣ್ಣ ಜೆ ಬರೆದಿದ್ದ. ಹಳೆಯ ಕಂಪ್ಯೂಟರಿಗೆ ಎರಡೂ ಒಂದೇ ಆಗಿದ್ದವು. ಹೊಸದನ್ನು ನಡೆಸುತ್ತಿದ್ದ ಲಿನಕ್ಸ್ ಎಂಬ ವ್ಯವಸ್ಥೆಗೆ ಅವು ಬೇರೆ ಬೇರೆ. ಸಣ್ಣ ಜೆ ಟೇಬಲ್ಲು ಸಿಗದೆ ಪ್ರೋಗ್ರಾಂ ತಾನೇ ಖಾಲಿಯದೊಂದು ಮಾಡಿಕೊಂಡು, ಕರೆಯಲು ಯಾರೂ ಇಲ್ಲವೆಂದು ಕೆಲಸ ಮುಗಿಸಿತ್ತು. ಹಾಗೆ ಮಾಡೆಂದು ಬರೆದವನೂ ಅವನೇ.

ಅಕ್ಷರ ತಿದ್ದಿ ಗುಂಡಿ ಒತ್ತಿದ. ಹೊಲದ ತುಂಬ ಫೋನುಗಳು ಕೂಗಿದವು. ಓಡುತ್ತಿದ್ದವರು ನಿಂತು ಹಿಂದಕ್ಕೆ ತಿರುಗಿದರು. ಟೆಂಪೋದಲ್ಲಿ ಸುಗರಾಳ ಫೋನೂ ಹೊಡೆದುಕೊಂಡಿತು. ಟಿಪ್ಪುಸಾಬ ಅದನ್ನು ಕಿತ್ತು ರಸ್ತೆಗೆ ಒಗೆದ.

ಎರಡನೆಯ ಸಾಲು ಸಿಡಿದಾಗ ಯಾರಿಗೂ ತಾಗಲಿಲ್ಲ. ಆ ಸದ್ದು ಕೇಳಿದ ಮೇಲೆಯೇ ಮುಜಫ್ಫರ ಕುರ್ಚಿಯಿಂದ ಜಾರಿ ಬಿದ್ದ.

ಗದಗಿನ ದವಾಖಾನೆಯಲ್ಲಿ ಸುಗರಾಳ ಕಾಲು ಕತ್ತರಿಸಿದರು. ಹತ್ತನೆಯ ದಿನ ಮುಜಫ್ಫರ ಅವಳ ಮಂಚದ ಹತ್ತಿರ ನಿಂತು ಎಲ್ಲ ಹೇಳಿದ.

"ನಮ್ಮ ಕನ್ನಡದಾಗ ದೊಡ್ಡಕ್ಷರ ಸಣ್ಣಕ್ಷರ ಐತೇನೋ?" ಎಂದಳು ಅವಳು.

"ಇಲ್ರಿ ಚಾಚಿ."

"ಮತ್ತ ಕನ್ನಡದಾಗ ಬರೀಬೇಕಿತ್ತಲ್ಲೋ."

ಗೋಡೆಗೆ ಆತು ನಿಂತ ಟಿಪ್ಪುಸಾಬ ಮುಜಫ್ಫರನ ಮುಖ ನೋಡಲಿಲ್ಲ, ಪ್ಲಾಸ್ಟರ್ ಹಾಕಿದ ಕೈ ನೋಡಿದ.

ಫೋನ್ ಕಂಪನಿಯ ತಪ್ಪು ಎಂದುಬಿಡು ಎಂದಿದ್ದ ಮಾಲಕ. ಠಾಣೆಯಲ್ಲಿ ಮುಜಫ್ಫರ ತನ್ನ ತಪ್ಪನ್ನೂ ಕೆಟ್ಟ ಸೈರನ್ನಿನ ಸಂಗತಿಯನ್ನೂ ಎಡಗೈಯಲ್ಲೇ ಬರೆದುಕೊಟ್ಟ. ಕೈಗೇನಾಯಿತೆಂದು ಕೇಳಿದ್ದಕ್ಕೆ ಮಾತ್ರ, ಕಲ್ಲು ಬಿತ್ತೆಂದ.

ಈಗ ಕ್ವಾರಿ ಮುಚ್ಚಿದೆ, ಕೇಸು ನಡೆದಿದೆ. ಆರೋಪಿಗಳಲ್ಲಿ ಮಾಲಕನ ಹೆಸರಿನ ಕೆಳಗೆ ಅವನ ಹೆಸರೂ ಇದೆ. ಅವನ ಎರಡು ಬೆರಳು ಮಡಚುವುದಿಲ್ಲ. ಟಿಪ್ಪುಸಾಬನ ಮನೆ ಮುಂದೆಯೇ ದಿನಾ ಹಾದುಹೋಗುತ್ತಾನೆ. ಇಬ್ಬರೂ ಇನ್ನೂ ಮಾತಾಡಿಲ್ಲ.