ಪಾದ್ರಿಗೆ ಮಾಫಿ ಕೊಡದ ನರ್ಸಮ್ಮ

ನರ್ಸಮ್ಮನ ಬೆರಳ ತುದಿಗಳು ಸಾಬೂನಿಗೆ ಸವೆದು ಬಿಳಿಚಿಕೊಂಡಿದ್ದವು. ಚಹಾ ಕುಡಿಯುವ ಮುಂಚೆಯೂ ಮೊಣಕೈವರೆಗೆ ತೊಳೆಯುತ್ತಿದ್ದರು. ಮಂಗಳೂರಿನವರು, ಹರೆಯದಲ್ಲೇ ಕುವೈತಿನ ಮಿಷನ್ ಆಸ್ಪತ್ರೆಗೆ ಬಂದು, ಅದು ಮುಚ್ಚಿದ ಮೇಲೂ ಇಲ್ಲೇ ಉಳಿದವರು. ರುಮೈಥಿಯಾ ಬಡಾವಣೆಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಹಡಿಯಲ್ಲಿ, ಹಾಸಿಗೆ ಹಿಡಿದ ಅರಬ್ ಅಜ್ಜಿಯೊಬ್ಬರನ್ನು ನೋಡಿಕೊಳ್ಳುತ್ತಿದ್ದರು.

ನನಗೆ ಮಿಷನರಿಗಳೆಂದರೆ ಮೈಯೆಲ್ಲ ಉರಿ. ನಮ್ಮ ದೊಡ್ಡಜ್ಜ ಕ್ರೈಸ್ತನಾದಾಗ, ಬದುಕಿದ್ದವನಿಗೇ ಮನೆಯವರು ತಿಥಿ ಮಾಡಿ ಮುಗಿಸಿದ್ದರಂತೆ. ನರ್ಸಮ್ಮ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಕೆಣಕುತ್ತಿದ್ದೆ: "ನಿಮ್ಮ ಪಾದ್ರಿಗಳು ಮನೆ ಒಡೆದವರು."

"ತಿಥಿ ಮಾಡಿದ್ದು ಪಾದ್ರಿಯಾ ಮಾರಾಯ್ರೇ?" ಎಂದು ನಕ್ಕು ಹೋಗುತ್ತಿದ್ದರು. ನನಗೆ ಇನ್ನಷ್ಟು ಸಿಟ್ಟು.

ಇರಾಕಿನ ಸೈನ್ಯ ಕುವೈತಿಗೆ ನುಗ್ಗಿ ತಿಂಗಳಾಗಿತ್ತು. ಹೆಂಡತಿಗೆ ನೋವು ಶುರುವಾದ ಬೆಳಿಗ್ಗೆ ಆಸ್ಪತ್ರೆಗೆಂದು ಹೊರಟರೆ, ಬಂದೂಕಿನವರು ಕಾರನ್ನು ವಾಪಸು ಕಳಿಸಿದರು. ನಾನು ಬಾಗಿಲಿಗೂ ಕಿಟಕಿಗೂ ತಿರುಗಾಡಿ ಕೊನೆಗೆ ಕೈಚೆಲ್ಲಿ ಕೂತೆ. ನರ್ಸಮ್ಮ ಇಳಿದುಬಂದರು. "ಅಳ್ಲಿಕ್ಕೆ ಮತ್ತೆ ಪುರುಸೊತ್ತು ಉಂಟು. ನೀರು ಕಾಯಿಸಿ." ಮಗು ಕಾಲು ಮುಂದಾಗಿತ್ತು. ಅವರು ಹೇಗೆ ಮಾಡಿದರೋ, ಮಧ್ಯಾಹ್ನ ಮಗಳ ಅಳು ಕೇಳಿಸಿತು.

ಅವರ ಕಾಲಿಗೆ ಬಿದ್ದು, ಈ ವಿದ್ಯೆ ಕಲಿಸಿದ ಮಿಷನರಿಗಳು ದೇವರಂಥವರು ಎಂದುಬಿಟ್ಟೆ. ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಕೆಂಡವಾದರು.

"ನಿನ್ನೆ ರಾಕ್ಷಸರು, ಇವತ್ತು ದೇವರಾ? ನನ್ನಜ್ಜ ನಂಬಿದ ದೈವದ ಹಿತ್ತಾಳೆ ಮುಖವಾಡವನ್ನು ಪಾದ್ರಿ ಪಿಶಾಚಿ ಅಂತ ಹೇಳಿ, ಹಡಗು ಹತ್ತಿಸಿ ತನ್ನ ಊರಿಗೆ ಕಳಿಸಿದ. ಅಜ್ಜ ಸಾಯುವವರೆಗೂ ಅದನ್ನೇ ನೆನೀತಿದ್ರು. ಅದೇ ಅಜ್ಜನನ್ನು ಊರವರು ಬಾವಿ ಹತ್ರ ಬಿಡ್ತಿರ್ಲಿಲ್ಲ. ಅಂಥವರ ಮಗಳನ್ನು, ನನ್ನಮ್ಮನನ್ನು, ಶಾಲೆಯಲ್ಲಿ ಕೂರಿಸಿದ್ದೂ ಆ ಪಾದ್ರಿಯೇ. ಆ ಕಾಲದಲ್ಲಿ ಮತ್ತೆ ಯಾರು ಕೂರಿಸಿದ್ರು, ಹೇಳಿ? ಅವನಿಗೆ ಅಷ್ಟೇ ಕಂಡದ್ದು, ಅಷ್ಟೇ ಮಾಡಿದ. ಹೇಳುದಾದ್ರೆ ಎರಡೂ ಹೇಳಿ. ನಾನು ಹೆರಿಗೆ ಮಾಡಿಸಿದೆ ಅಂತ ಅವನಿಗೆ ಮಾಫಿ ಕೊಡ್ಬೇಡಿ."

ಕೆಲವು ವಾರಗಳ ಬಳಿಕ, ಊರಿಗೆ ವಿಮಾನ ಸಿಗುವ ಜೋರ್ಡಾನಿನ ಅಮ್ಮಾನಿಗೆ ಹೊರಟ ಬಸ್ಸಿನಲ್ಲಿ ಅವರಿಗೂ ಸೀಟು ಹಿಡಿದೆ. "ಅಜ್ಜಿಯ ಮಗ್ಗುಲು ಬದಲಿಸುದು ಯಾರು?" ಎಂದು ಬರಲೇ ಇಲ್ಲ. ಜಗಳವಾಡಿದೆ, ಬೈದೆ. ಮಗುವಿನ ನೆತ್ತಿ ಸವರಿ ಮೇಲೆ ಹೋದರು.

ಯುದ್ಧ ಮುಗಿದು ತೊಂಬತ್ತೊಂದರ ಬೇಸಿಗೆಯಲ್ಲಿ ನಾನೊಬ್ಬನೇ ಕುವೈತಿಗೆ ಹಿಂತಿರುಗಿದೆ. ತಮ್ಮ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಸಿಗದೆ ನರ್ಸಮ್ಮ ಚಳಿಗಾಲದಲ್ಲೇ ಹೋಗಿಬಿಟ್ಟಿದ್ದರು ಎಂದು ಅಜ್ಜಿಯ ಮಗ ಹೇಳಿದ. ಮಹಡಿಯಲ್ಲಿ ಅಜ್ಜಿ ಇನ್ನೂ ಬದುಕಿದ್ದರು. ಆಕೆಯ ಕೈ ಹಿಡಿದು ಅತ್ತೆ. ಅವರ ಬದಲು ನೀವೇ ಹೋಗಬಾರದಿತ್ತೇ ಎಂದು ಒಳಗೊಳಗೇ ಶಪಿಸಿಯೂ ಬಿಟ್ಟೆ.