ರಷ್ಯನ್ನಿಂದ ಹಾಗಲವಾಡಿಗೆ ನೇರ ದಾರಿ

ರಷ್ಯನ್ ಕಥೆಗಳು ಇಂಗ್ಲಿಷಿನ ಮನೆ ಹೊಕ್ಕೇ ಕನ್ನಡಕ್ಕೆ ಬರಬೇಕೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಅವನ್ನು ನೇರವಾಗಿ ಕರೆತಂದ ಕೆಲವೇ ಹಿರಿಯರಲ್ಲಿ ನಮ್ಮ ಗುರುಗಳಾದ ಪ್ರೊ. ಚನ್ನವೀರಯ್ಯನವರು ಒಬ್ಬರು. ತುಮಕೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ಈ ವರ್ಷ ನಿವೃತ್ತರಾಗುತ್ತಿರುವ ಅವರು, ಇಂಗ್ಲಿಷಿನಲ್ಲಿದ್ದ ಒಂದು ವ್ಯಾಕರಣ ಪುಸ್ತಕ ಹಿಡಿದು ತಾವೇ ರಷ್ಯನ್ ಕಲಿತವರು. ೧೯೭೪ರಿಂದ ಶೆಟ್ಟಿಹಳ್ಳಿಯ ತಮ್ಮ ಮನೆಯ ಜಗಲಿಯಲ್ಲಿ ಸಂಜೆ ಹೊತ್ತು ಅದನ್ನು ನಮಗೆ ಧಾರೆಯೆರೆದವರು.

ಕುಣಿಗಲ್ಲಿನಿಂದ ಬಸ್ಸಿನಲ್ಲಿ ಬರುತ್ತಿದ್ದ ನಾನು ಕಾನ್ವೆಂಟಿನಲ್ಲಿ ಓದಿದವಳು, ಬೈಯುವುದನ್ನೂ ಇಂಗ್ಲಿಷಿನಲ್ಲೇ ಕಲಿತವಳು. ರಷ್ಯನ್ನಿನ ಒಂದೊಂದು ನಾಮಪದಕ್ಕೂ ಅಷ್ಟೊಂದು ರೂಪಗಳಿರುವುದನ್ನು ಕಂಡು ನನ್ನ ಜಂಭವೆಲ್ಲ ಇಳಿಯಿತು, ಅಳುವುದೊಂದು ಬಾಕಿ. "ಇಂಗ್ಲಿಷ್ ಪಕ್ಕಕ್ಕಿಡು, ಉಮಾ. ಮನೆ, ಮನೆಗೆ, ಮನೆಯಿಂದ ಅಂತ ದಿನಾ ಅಂತೀಯಲ್ಲ, ಅದಕ್ಕೂ ಅಳ್ತೀಯಾ?" ಎಂದರು ಮೇಷ್ಟ್ರು. ಅಂದಿನಿಂದ ವ್ಯಾಕರಣದ ಭಯ ಹೋಯಿತು.

ಅನುವಾದಕ್ಕೆ ಅವರ ಪರೀಕ್ಷೆ ಬೇರೆ. ಗುಬ್ಬಿ ತಾಲ್ಲೂಕಿನ ಹಾಗಲವಾಡಿಯಿಂದ ಬಂದು ಜೊತೆಗಿದ್ದ ತಾಯಿ ಸಿದ್ದಗಂಗಮ್ಮನವರು ಅವರೆಕಾಯಿ ಸುಲಿಯುತ್ತಾ ಕೂತಾಗ, ತಾವೂ ನಾವೂ ಬರೆದದ್ದನ್ನೆಲ್ಲ ಮೇಷ್ಟ್ರು ಅವರಿಗೆ ಓದಿ ಹೇಳುತ್ತಿದ್ದರು. "ಅದೇನ್ಲಾ ಅದು, ಯಾರ್ ಹಂಗ್ ಮಾತಾಡ್ತಾರೆ?" ಎಂದರೆ ಆ ಸಾಲು ಹೋಯಿತೆಂದೇ ಅರ್ಥ. ಸುಲಿಯುವ ಕೈ ನಿಂತರೆ ಪಾಸು. ನನ್ನ ಸಾಲುಗಳು ಬಹುಕಾಲ ನಪಾಸೇ ಆದವು.

೧೯೮೧ರಲ್ಲಿ ಮೇಷ್ಟ್ರ ಮೊದಲ ಸಂಕಲನ ಅಚ್ಚಿಗೆ ಹೊರಟಾಗ ವಿಮರ್ಶಕರೊಬ್ಬರು, "ಗುಬ್ಬಿ ಕಡೆಯವರಿಗೆ ರಷ್ಯನ್ ಎಲ್ಲಿಂದ ಬಂತು? ಇದು ಇಂಗ್ಲಿಷಿನಿಂದ ಇಳಿಸಿದ್ದು" ಎಂದು ಸಾರಿದರು. ಪ್ರಕಾಶಕ ವೆಂಕಟರಂಗಯ್ಯನವರು ಹೆದರಿ ಅಚ್ಚು ನಿಲ್ಲಿಸಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೇಷ್ಟ್ರು ವಾದಿಸಲಿಲ್ಲ, ನಮಗೆ ಮಾತ್ರ ಮೈಯೆಲ್ಲ ಉರಿಯಿತು. ಆಗ ತುಮಕೂರಿಗೆ ಬಂದಿದ್ದ ರಷ್ಯನ್ ಅಧ್ಯಾಪಕಿ ವೇರಾ ಅವರು ಇಂಗ್ಲಿಷಿಗೆ ಇನ್ನೂ ಬಾರದ ಹೊಸ ಕಥೆಯೊಂದನ್ನು ಸಭೆಯಲ್ಲಿ ಓದುವುದೆಂದೂ, ಮೇಷ್ಟ್ರು ನಿಂತ ನಿಲುವಿನಲ್ಲೇ ಅದನ್ನು ಕನ್ನಡಿಸುವುದೆಂದೂ ನಾವು ಶಿಷ್ಯರೇ ಏರ್ಪಾಡು ಮಾಡಿದೆವು. ಮುಂದಿನ ಸಾಲಿನಲ್ಲಿ ಪ್ರಕಾಶಕರು, ವಿಮರ್ಶಕರು, ಅವರ ಪಕ್ಕದಲ್ಲೇ ಸಿದ್ದಗಂಗಮ್ಮನವರು.

ಕಥೆಯಲ್ಲಿ ಒಬ್ಬ ಮುದುಕಿ ತನ್ನ ಮೇಕೆಯೊಂದಿಗೆ ರೈಲು ಹತ್ತಿ, ಅದನ್ನು ಸೀಟಿನ ಮೇಲೆ ಕೂರಿಸಿದ್ದಾಳೆ. ಕೆಳಗಿಳಿಸೆಂದು ಗದರಿದ ಟಿಕೆಟ್ ಕಲೆಕ್ಟರಿಗೆ ಅವಳು ಕೊಟ್ಟ ಉತ್ತರವನ್ನು ವೇರಾ ಓದಿದರು. ಒಂದು ಗಳಿಗೆಯೂ ತಡವರಿಸದೆ ಮೇಷ್ಟ್ರು, "ಅದುಕ್ಕೂ ಟಿಕೇಟ್ ತಗಂಡಿದೀನಿ ಕಣಪ್ಪ, ಕಿಟ್ಕಿ ಪಕ್ಕನೇ ಕೂತ್ಕಳ್ಲಿ ಬುಡು" ಎಂದರು. ಸಭೆಯಲ್ಲಿ ಎಲ್ಲರಿಗಿಂತ ಮೊದಲು ಸಿದ್ದಗಂಗಮ್ಮನವರು ಸೆರಗು ಬಾಯಿಗೆ ಹಿಡಿದು ನಕ್ಕರು. ವೇರಾ ಓದು ನಿಲ್ಲಿಸಿ, ಆಕೆ ಯಾರೆಂದು ಕೇಳಿದರು. ತಾಯಿಯೆಂದು ತಿಳಿದ ಮೇಲೆ ಅವರಾಡಿದ ಮಾತನ್ನು ಕನ್ನಡಿಸುವುದನ್ನು ಮರೆತು ಮೇಷ್ಟ್ರು ತಾಯಿಯತ್ತ ತಿರುಗಿದರು. ನಾನೇ ಎದ್ದು ಹೇಳಿದೆ: "ಊರಲ್ಲಿ ಈ ಕಥೆ ಓದಿ ಹೇಳಿದಾಗ ನಮ್ಮಮ್ಮನೂ ಈ ಮಾತಿಗೇ ನಕ್ಕಿದ್ದು."

ವಿಮರ್ಶಕರೇ ಮೊದಲು ಚಪ್ಪಾಳೆ ತಟ್ಟಿದರು. ಪುಸ್ತಕ ಅಚ್ಚಾಗುತ್ತದೆಂದು ವೆಂಕಟರಂಗಯ್ಯನವರು ಅಲ್ಲೇ ಎದ್ದುನಿಂತು ಘೋಷಿಸಿದರು. ಹೊರಗೆ ಬರುವಾಗ ಸಿದ್ದಗಂಗಮ್ಮನವರು ನನ್ನ ಬೆನ್ನು ತಟ್ಟಿ, "ಇವತ್ತು ನೀನೂ ಚೆಂದಾಗ್ ಹೇಳ್ದೆ ಕಣೇ" ಎಂದರು. ನಾನು ಪಡೆದ ಪದವಿಗಳಲ್ಲಿ ಅದೇ ದೊಡ್ಡದು.

ಆ ತಾಯಿ ಇಂದು ನಮ್ಮೊಂದಿಗಿಲ್ಲ. ಮೇಷ್ಟ್ರು ನೂರ್ಕಾಲ ಬಾಳಲಿ. ಕಾಲೇಜಿನ ಗಂಟೆಯ ಹಂಗಿಲ್ಲದೆ, ಕಪಾಟಿನಲ್ಲಿ ಕಾದಿರುವ ಕಥೆಗಳನ್ನೆಲ್ಲ ಕನ್ನಡಕ್ಕೆ ತರಲಿ. ಜಗಲಿಯಲ್ಲಿ ಕೂತು ಓದಿ ಹೇಳಲಿ, ಕೇಳಲು ನಾವಿದ್ದೇವೆ. ಅವರೆಕಾಯಿ ನಾವೇ ತರುತ್ತೇವೆ.