ಹಾವಿಯೆರ್‌ನ ಕೈ, ನನ್ನ ‘ಸಿ, ಸಿ’

ಎರಡು ವರ್ಷದ ಹಿಂದೆ ನಾನು ನಾಗಪುರದ ಒಂದು ಕಿತ್ತಳೆ ರಸದ ಕಾರ್ಖಾನೆಯಲ್ಲಿ ಟ್ರೈನಿ ಎಂಜಿನಿಯರ್. ಪ್ರೊಬೇಷನ್ ಮುಗಿಯಲು ಎರಡು ತಿಂಗಳಿತ್ತು. ಬಾಟಲಿಗೆ ಮುಚ್ಚಳ ಹಾಕುವ ಹೊಸ ಯಂತ್ರದ ಜೊತೆ ಸ್ಪೇನಿನಿಂದ ಬರುವ ತಂತ್ರಜ್ಞ ಹಾವಿಯೆರ್‌ಗೆ ಇಂಗ್ಲಿಷ್ ಬಾರದೆಂದು ತಿಳಿದಾಗ, ಕ್ಯಾಂಟೀನಿನಲ್ಲಿ ಎಲ್ಲರ ದನಿಯನ್ನೂ ಅಣಕಿಸುವ ನನ್ನನ್ನೇ ಬಜಾಜ್ ನಗರದ ಸ್ಪ್ಯಾನಿಷ್ ಕ್ಲಾಸಿಗೆ ಅಟ್ಟಿದರು.

ಆರು ವಾರ. ಆ ಭಾಷೆಯಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು ಏಕೆಂದು ಇವತ್ತಿಗೂ ಗೊತ್ತಿಲ್ಲ. ಕ್ರಿಯಾಪದಗಳು ಆಳಿಗೊಂದು ಬಾಲ ಹಚ್ಚಿಕೊಂಡು ತಲೆ ತಿರುಗಿಸಿದವು. ಉಳಿದದ್ದು ಅಂಕಿಗಳು, ಮೈಯ ಭಾಗಗಳು, ನಾಲ್ಕು ಮರ್ಯಾದೆಯ ಮಾತು. ಟೀಚರ್ ದನಿಯನ್ನು ಮಾತ್ರ ಕೆಮ್ಮಿನ ಸಮೇತ ಎತ್ತಿಕೊಂಡೆ. ಮೌಖಿಕ ಪರೀಕ್ಷೆಯಲ್ಲಿ ಅವರ ವಾಕ್ಯಗಳನ್ನೇ ಅವರ ಧಾಟಿಯಲ್ಲಿ ಒಪ್ಪಿಸಿದೆ. ಪೂರ್ತಿ ಅಂಕ. ಗಿಣಿಗೂ ಕೊಡುತ್ತಿದ್ದರೇನೋ.

ನನ್ನ ಸ್ವಾಗತದ ಎರಡು ಸಾಲು ಕೇಳಿದ ಹಾವಿಯೆರ್, ತನ್ನೂರಿನವನೇ ಸಿಕ್ಕನೆಂದು ಹಿಗ್ಗಿ ಎಡೆಬಿಡದೆ ಮಾತಾಡತೊಡಗಿದ. ನಾನು “ಸಿ, ಸಿ, ಕ್ಲಾರೊ” ಎಂದೆ, ಅಂದರೆ ಹೌದು, ಹೌದು, ಖಂಡಿತ. ಅವನು ಬೆರಳು ತೋರಿಸಿದ ಕಡೆಯ ಸ್ಪ್ಯಾನರ್ ಕೊಟ್ಟೆ. ಮೂರು ದಿನ ಎಲ್ಲರೂ ಶಭಾಷ್ ಎಂದರು.

ನಾಲ್ಕನೆಯ ದಿನ ಅವನು ಏನೋ ಕೇಳಿದ. “ಸಿ, ಕ್ಲಾರೊ” ಎಂದೆ. ಅವನು ಯಂತ್ರದ ಹಿಂಬದಿಗೆ ಹೋದ. ಅಲ್ಲಿಂದ ಇನ್ನೇನೋ ಕೂಗಿದ. ಸ್ವಿಚ್ಚಿನ ಮೇಲೆ ಕೈಯಿಟ್ಟಿದ್ದ ಫೋರ್‌ಮನ್, ಬೆಳಗಾವಿ ಕಡೆಯ ಪಾಟೀಲ ಕಾಕಾ, ನನ್ನತ್ತ ತಿರುಗಿದರು.

“ಏನಂತಾನೋ ತಮ್ಮಾ? ಚಾಲೂ ಮಾಡ್ಲೇನು? ಜಲ್ದಿ ಹೇಳು.”

ಮಾಡು ಎಂದನೋ, ಬೇಡ ಎಂದನೋ? ಬಾಯಿ ಬಿಟ್ಟರೆ ಬಣ್ಣಗೇಡು, ನೌಕರಿಗೂ ಕುತ್ತು.

“ಕಾಕಾ, ಕೈ ತೆಗೀರಿ. ನಂಗೆ ಒಂದಕ್ಷರಾನೂ ಅರ್ಥ ಆಗಿಲ್ಲ. ಮೂರು ದಿನದಿಂದಾನೂ.”

“ಹಂಗಾರ ಇಷ್ಟು ದಿನ ಅಂವನ ಕೂಡ ಮಾತಾಡಿದಾಂವ ಯಾರಲೇ?”

“ನಮ್ಮ ಟೀಚರ್, ಕಾಕಾ.”

ಆಮೇಲೆ ಟೀಚರ್ ಧಾಟಿ ಬಿಟ್ಟು ನನ್ನ ಸ್ವಂತ ಮೈಸೂರು ನಾಲಿಗೆಯಲ್ಲಿ ಕೂಗಿದೆ: “ನೋ ಎಂತಿಯೆಂದೊ!” ಅಂದರೆ, ನನಗೆ ಅರ್ಥವಾಗಲಿಲ್ಲ. ಅತ್ತ ಕಡೆಯಿಂದ ಈಗ ನಿಧಾನವಾಗಿ ಒಂದೊಂದೇ ಪದ ಬಂತು. ಅದರಲ್ಲಿ ‘ಮಾನೊ’ ಇತ್ತು. ಮಾನೊ ಎಂದರೆ ಕೈ, ಎರಡನೆಯ ವಾರದ ಪಾಠ. ಓಡಿಹೋಗಿ ನೋಡಿದರೆ ಅವನ ಕೈ ಮೊಣಕೈವರೆಗೆ ಯಂತ್ರದೊಳಗಿತ್ತು.

ದುರಸ್ತಿಗೆ ಕೈ ಹಾಕುವ ಮುನ್ನ ವಿದ್ಯುತ್ತಿನ ಸ್ವಿಚ್ಚಿಗೆ ಬೀಗ ಜಡಿಯಬೇಕು. ಅದಕ್ಕೆ ‘ಲಾಕ್-ಔಟ್’ ಎನ್ನುತ್ತಾರೆ. ಬೀಗ ಹಾಕಿದ್ದೀರಾ ಎಂದೇ ಅವನು ಮೊದಲು ಕೇಳಿದ್ದೆಂದು ಅವನ ಕೈಸನ್ನೆಯಿಂದ ಆಮೇಲೆ ತಿಳಿಯಿತು. ಖಂಡಿತ ಎಂದವನು ನಾನು.

ಮ್ಯಾನೇಜರಿಗೆ ನಾನೇ ಹೇಳಿದೆ. ಪ್ರೊಬೇಷನ್ ಮೂರು ತಿಂಗಳು ಮುಂದೆ ಹೋಯಿತು. ಹಾವಿಯೆರ್ ಬೈಯಲಿಲ್ಲ. ಬೀಗ ತಾನೇ ಜಡಿದು, ಕೀಲಿಯನ್ನು ಜೇಬಿಗಿಳಿಸಿದ. ಬೈದಿದ್ದರೆ ವಾಸಿಯಿತ್ತು, ಹೇಗೂ ತಿಳಿಯುತ್ತಿರಲಿಲ್ಲ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಕೇಳಿಸುವಂತೆ ಹೇಳುವುದೂ ಕೆಲಸದ ಭಾಗವೆಂದು ಅಂದು ಕಲಿತೆ. ಈಗಲೂ ಸ್ಪೇನಿನಿಂದ ಫೋನ್ ಬಂದರೆ ಮೈಸೂರು ನಾಲಿಗೆಯಲ್ಲೇ ಶುರುಮಾಡುತ್ತೇನೆ. ಆ ಕಡೆಯವರು ತಾವಾಗಿಯೇ ನಿಧಾನವಾಗುತ್ತಾರೆ.